ಬಾಕಿ ಉಳಿದ ಇಪ್ಪತ್ತು ಬಸ್ಕಿ

ಪೂಜ್ಯ ಲೆಕ್ಕದ ಮೇಷ್ಟ್ರಿಗೆ,

ಸಾಷ್ಟಾಂಗ ನಮಸ್ಕಾರಗಳು. (ಕಾಗದದ ಮೇಲೆ ಮಾತ್ರ. ನಿಜವಾಗಿ ಬಿದ್ದರೆ ಎಬ್ಬಿಸಲು ಇಬ್ಬರು ಬೇಕು.)

ಐದನೇ ಕ್ಲಾಸಿನಲ್ಲಿ ಹದಿನೇಳರ ಮಗ್ಗಿ ಬಾರದ ತಪ್ಪಿಗೆ ಕಿವಿ ಹಿಡಿದು ಐವತ್ತು ಬಸ್ಕಿ ಹೊಡೆಯಲು ಹೇಳಿದ್ದಿರಿ. ಮೂವತ್ತಕ್ಕೆ ಬೆಲ್ ಹೊಡೆಯಿತು, ನಾನು ಓಟ ಕಿತ್ತೆ. ಈಗ ಅರವತ್ತರಲ್ಲಿ ಫಿಸಿಯೋಥೆರಪಿಯ ಹುಡುಗಿ ಅದೇ ಬಸ್ಕಿ ಹೊಡೆಸುತ್ತಿದ್ದಾಳೆ, ಸಲಕ್ಕೆ 600 ರೂಪಾಯಿ. ಕಿವಿ ಹಿಡಿಯುವುದನ್ನು ಮಾಫಿ ಮಾಡಿದ್ದಾಳೆ. ಅಂದು ಸಾಲಿನಲ್ಲಿ ನಿಂತಿದ್ದ ಇನ್ನಿಬ್ಬರು ಅವಳ ಕ್ಲಿನಿಕ್ಕಿನ ಬೆಂಚಿನ ಮೇಲೆ ಸಿಕ್ಕಿದ್ದರಿಂದ ಈ ಪತ್ರ ಬಹಿರಂಗ.

ನಿಮ್ಮ ಶಿಷ್ಯ ಮುಂದೆ ಬಂದ, ಮೇಷ್ಟ್ರೇ. ಚಾಪೆಯಿಂದ ಬೆಂಚಿಗೆ, ಬೆಂಚಿನಿಂದ ಕುರ್ಚಿಗೆ, ಕುರ್ಚಿಯಿಂದ ಗಾಲಿ ಕುರ್ಚಿಗೆ. ಆಫೀಸಿನದು, ಗಾಬರಿ ಬೇಡ. ಮನೆಗೆ ಕಮೋಡ್ ಬಂತು, ಮೆಟ್ಟಿಲಿನ ಪಕ್ಕ ಲಿಫ್ಟ್ ಬಂತು, ಮದುವೆಮನೆಯ ಪಂಕ್ತಿ ಟೇಬಲ್ಲಿಗೆ ಏರಿತು. ನೆಲದಿಂದ ಏಳುವ ಪ್ರಸಂಗವೇ ಬಾರದ ಹಾಗೆ ಬದುಕು ಕಟ್ಟಿಕೊಂಡೆ. ಕಳೆದ ತಿಂಗಳು ನೆಂಟರ ಗೃಹಪ್ರವೇಶದಲ್ಲಿ ಎಲ್ಲರ ಜೊತೆ ಜಮಖಾನದ ಮೇಲೆ ಕೂತೆ. ಮಂಗಳಾರತಿಗೆ ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಪುರೋಹಿತರು ಭಕ್ತಿ ಎಂದುಕೊಂಡರು.

ಆಮೇಲೆ ತೋರಿಸಲು ಹೋದಾಗ ಡಾಕ್ಟರು ಪರೀಕ್ಷೆ ಕೊಟ್ಟರು: ಎದೆಗೆ ಕೈಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಏಷ್ಯಾದ ಹಿರಿಯರಿಗೆ ತಜ್ಞರು 2019ರಲ್ಲಿ ಎಳೆದ ಗೆರೆ 12 ಸೆಕೆಂಡು. ಅದನ್ನು ಮುಟ್ಟಿದರೆ ಸ್ನಾಯು ಸೊರಗಿದ ಅನುಮಾನ. ನನಗೆ ಹಿಡಿದದ್ದು 17. ಮತ್ತೆ ಅದೇ ಹದಿನೇಳು! ವಯಸ್ಸಿನ ಜೊತೆ ಸ್ನಾಯು ಕರಗುವುದಕ್ಕೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಮೂಲ ಹಿಡಿದರೆ ‘ಮಾಂಸದ ಬಡತನ’. ಪಿಎಫ್ ಕೈಗೆ ಬಂದ ವರ್ಷವೇ ಈ ಬಡತನ ನೋಡಿ.

ದಿನಾ ವಾಕಿಂಗ್ ಹೋಗುತ್ತೇನಲ್ಲ ಎಂದು ಫಿಸಿಯೋಥೆರಪಿಯ ಹುಡುಗಿಯ ಜೊತೆ ವಾದಿಸಿದೆ. ಕೆರೆಗೆ ಎರಡು ಸುತ್ತು, ಆಮೇಲೆ ದೋಸೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ದೋಸೆಯ ಬಗ್ಗೆ ಏನೂ ಹೇಳುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ಓಡಾಡಿ, ಅದಲ್ಲದೆ ಎರಡು ದಿನವಾದರೂ ಸ್ನಾಯುಗಳನ್ನು ದುಡಿಸಿ ಎನ್ನುತ್ತದೆ. ವಯಸ್ಸಾಯಿತಮ್ಮಾ ಎಂದೆ. ಆ ಹುಡುಗಿ 1990ರ ಬಾಸ್ಟನ್ ಕಥೆ ತೆಗೆದಳು. ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿಸಿದರಂತೆ. ಕೊನೆಯವರೆಗೆ ನಿಂತ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು, ಇಬ್ಬರು ಊರುಗೋಲನ್ನೇ ಬಿಟ್ಟರು. ನನ್ನ ವಯಸ್ಸಿನ ನೆಪಕ್ಕೆ ಊರಲು ಏನೂ ಉಳಿಯಲಿಲ್ಲ.

ನಿಮ್ಮ ಶಿಕ್ಷೆಯನ್ನು ಹೊಗಳುತ್ತಿಲ್ಲ, ಮೇಷ್ಟ್ರೇ. ಮೊಮ್ಮಗನ ಶಾಲೆಯಲ್ಲಿ ಹಾಗೆ ಮಾಡಿದರೆ ದೂರು ಕೊಡಲು ಮೊದಲು ಓಡುವವನು, ಓಡಲಾದರೆ, ನಾನೇ. ತಕರಾರು ಬೇರೆ. ಗರಡಿಮನೆಯಲ್ಲಿ ಪೈಲ್ವಾನರು ಮಣ್ಣಿಗೆ ಕೈಮುಗಿದು ಹೊಡೆಯುತ್ತಿದ್ದ ಬಸ್ಕಿಯನ್ನು ನೀವು ದಡ್ಡರ ಪಾಲಿಗೆ ಬರೆದಿರಿ. ಜಾಣರಾಗಲು ಹೊರಟ ನಾವು ಐವತ್ತು ವರ್ಷ ಅದರ ತಂಟೆಗೇ ಹೋಗಲಿಲ್ಲ.

ಬಾಕಿ ಇಪ್ಪತ್ತಿತ್ತಲ್ಲ, ನಿನ್ನೆ ಅಡುಗೆಕಟ್ಟೆ ಹಿಡಿದುಕೊಂಡು ಆರು ತೀರಿಸಿದ್ದೇನೆ. ಉಳಿದದ್ದು ಹದಿನಾಲ್ಕು. ಮಗ್ಗಿ ಮಾತ್ರ ಕೇಳಬೇಡಿ.

ಇಂತಿ ನಿಮ್ಮ ವಿಧೇಯ,
ಹಿಂದಿನ ಬೆಂಚಿನವನು