ಸನ್ಮಾನ್ಯ ಗಾಳಿಸುದ್ದಿಯವರಿಗೆ ಒಂದು ಬಹಿರಂಗ ಪತ್ರ

ಗಾಳಿಸುದ್ದಿಯವರಿಗೆ ಬೆಂಗಳೂರಿನಲ್ಲಿ ಸ್ವಂತ ಮನೆಯಿಲ್ಲ, ಅಡ್ವಾನ್ಸ್ ಕೊಟ್ಟು ಬಾಡಿಗೆ ಹಿಡಿದದ್ದೂ ಇಲ್ಲ. ಆದರೂ ಶಿವಾಜಿನಗರದಿಂದ ಕೆ.ಆರ್. ಪುರಂವರೆಗೆ ಅವರಿಗೆ ಮುಚ್ಚಿದ ಬಾಗಿಲಿಲ್ಲ. "ನಮ್ಮ ಭಾವಮೈದುನನ ಆಫೀಸಿನವರೇ ಹೇಳಿದ್ದು" ಎಂಬುದಷ್ಟೇ ಅವರ ಗುರುತಿನ ಚೀಟಿ. ಬಾಡಿಗೆದಾರರಿಂದ ಆಧಾರ್ ಜೆರಾಕ್ಸ್ ಎರಡೆರಡು ಸಲ ಕೇಳುವ ಮಾಲೀಕರೂ ಈ ಚೀಟಿಯನ್ನು ತಿರುಗಿಸಿ ನೋಡುವುದಿಲ್ಲ.

ಮೊಬೈಲ್ ಬರುವ ಮುಂಚೆಯೂ ಅವರ ಕಸುಬು ಚೆನ್ನಾಗಿಯೇ ನಡೆದಿತ್ತು. 1990ರ ದಶಕದಲ್ಲಿ ರಾತ್ರಿ ಹೊತ್ತು ಪರಿಚಯದವರ ದನಿಯಲ್ಲಿ ಕೂಗುವ ದೆವ್ವವೊಂದನ್ನು ಅವರು ಊರಿಗೆ ಕರೆತಂದರು. ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂಬ ಬರಹ ಮೂಡಿತು. ಬರೆದ ಮನೆಗೆ ದೆವ್ವ ಬರಲಿಲ್ಲ, ಬರಹ ಫಲಿಸಿತು ಎಂದಾಯಿತು. ಬರೆಯದ ಮನೆಗೂ ಬರಲಿಲ್ಲ. ಆ ಲೆಕ್ಕ ಯಾರೂ ಇಡಲಿಲ್ಲ.

ಅವರ ಮಹಾಸಾಧನೆಯೆಂದರೆ 2012ರ ಆಗಸ್ಟ್. ಹಿಂದಿನ ತಿಂಗಳು ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ಹಿಂಸಾಚಾರ ನಡೆದಿತ್ತು. ಅದು ನಿಜ, ಗಾಳಿಸುದ್ದಿಯವರು ಬಂಡವಾಳಕ್ಕೆಂದು ಒಂದಿಷ್ಟು ನಿಜವನ್ನು ಯಾವಾಗಲೂ ಕೈಯಲ್ಲಿಟ್ಟುಕೊಂಡಿರುತ್ತಾರೆ. 2010ರಲ್ಲಿ ಟಿಬೆಟನ್ನರ ಯೂಶು ಪ್ರದೇಶದಲ್ಲಾದ ಭೂಕಂಪದ ಹೆಣಗಳ ಚಿತ್ರವನ್ನು ಮ್ಯಾನ್ಮಾರಿನ ಹತ್ಯಾಕಾಂಡವೆಂದು ಹಂಚಿ ಒಂದು ಕಡೆ ಸಿಟ್ಟು ಬೆಳೆಸಲಾಯಿತು. ಇನ್ನೊಂದು ಕಡೆ, ರಂಜಾನ್ ಮುಗಿಯುತ್ತಲೇ ಬೆಂಗಳೂರಿನ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಎಂಬ ಎಸ್ಸೆಮ್ಮೆಸ್ ಹಬ್ಬಿಸಿ ಭಯ ಬೆಳೆಸಲಾಯಿತು.

ಹೋಟೆಲುಗಳಲ್ಲಿ ಊಟ ಬಡಿಸುವವರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಗಾರ್ಡುಗಳು, ಕಾಲೇಜು ಹುಡುಗರು ಆ ಸಂದೇಶವನ್ನು ಓದಿದ ಕೂಡಲೇ ನಂಬಿದರು ಎಂದೇನಲ್ಲ. ರೂಮಿನ ಜೊತೆಗಾರ ಬ್ಯಾಗಿಗೆ ಬಟ್ಟೆ ತುಂಬುವುದನ್ನು ಕಂಡಾಗ ನಂಬಿಕೆ ಬಂತು. ಸಿಟಿ ರೈಲು ನಿಲ್ದಾಣದ ನೂಕುನುಗ್ಗಲು ಟೀವಿಯಲ್ಲಿ ಬಂದಾಗ ಊರಿನಿಂದ ಅಮ್ಮಂದಿರ ಫೋನು ಶುರುವಾಯಿತು. ರೈಲ್ವೆಯವರು ಗುವಾಹಟಿಗೆ ವಿಶೇಷ ರೈಲು ಬಿಟ್ಟರು: ಸುಮ್ಮಸುಮ್ಮನೆ ಯಾರಾದರೂ ಸ್ಪೆಷಲ್ ಟ್ರೇನು ಬಿಡುತ್ತಾರೆಯೇ? ಗೃಹ ಸಚಿವ ಆರ್. ಅಶೋಕ ನಿಲ್ದಾಣಕ್ಕೇ ಬಂದು ಧೈರ್ಯ ಹೇಳಿದರು: ಏನೂ ಇಲ್ಲದಿದ್ದರೆ ಮಂತ್ರಿಗಳಿಗೆ ಇಲ್ಲೇನು ಕೆಲಸ? ಹೀಗೆ ಅಲ್ಲಗಳೆಯಲು ಬಂದವರನ್ನೆಲ್ಲ ಸಾಕ್ಷಿಯಾಗಿ ನಿಲ್ಲಿಸಿಕೊಳ್ಳುವ ಕಲೆ ಗಾಳಿಸುದ್ದಿಯವರದು. ಆಗಸ್ಟ್ 15ರಿಂದ ಕೆಲವೇ ದಿನಗಳಲ್ಲಿ ಸುಮಾರು 30,000 ಜನ ನಗರ ಬಿಟ್ಟರು. ಸಂದೇಶದಲ್ಲಿದ್ದ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಹೋದ ಸಂಬಳ, ತಪ್ಪಿದ ಪರೀಕ್ಷೆ, ಊಟವಿಲ್ಲದೆ ಬೋಗಿಯ ಬಾಗಿಲಲ್ಲಿ ನಿಂತು ಕಳೆದ ಎರಡು ಮೂರು ದಿನಗಳಿಗೆ ಗಾಳಿಸುದ್ದಿಯವರಿಂದ ಪರಿಹಾರವೂ ಬರಲಿಲ್ಲ.

ಕೇಂದ್ರ ಸರ್ಕಾರ ಆಗಸ್ಟ್ 17ರಂದು 15 ದಿನಗಳ ಮಟ್ಟಿಗೆ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಮಿತಿ ಹಾಕಿತು. ಅಷ್ಟು ಹೊತ್ತಿಗೆ ಸುದ್ದಿ ರೈಲು ಹತ್ತಿಯಾಗಿತ್ತು. ಎಸ್ಸೆಮ್ಮೆಸ್ ಕಾಲ ಹೋಗಿ ವಾಟ್ಸ್ಆ್ಯಪ್ ಕಾಲ ಬಂದರೂ ಕಸುಬು ನಿಲ್ಲಲಿಲ್ಲ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಆ ದಿನಗಳಲ್ಲಿ ದೇಶದಲ್ಲೆಲ್ಲ ಹರಿದಾಡಿದ, ಬೈಕಿನವರು ಮಗು ಕದಿಯುವ ವಿಡಿಯೊ ಕರಾಚಿಯ ಜಾಗೃತಿ ಚಿತ್ರದ ತುಂಡು. ಬೈಕಿನವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗಕ್ಕೆ ಯಾರೋ ಕತ್ತರಿ ಹಾಕಿದ್ದರು. ಜುಲೈನಲ್ಲಿ ವಾಟ್ಸ್ಆ್ಯಪ್ ಕಂಪನಿಯೂ ಭಾರತದಲ್ಲಿ ಫಾರ್ವರ್ಡಿಗೆ ಐದರ ಮಿತಿ ಹಾಕಿತು. ಐದರ ಮೇಲೆ ಎಲ್ಲರಿಗೂ ಅದೇನು ನಂಬಿಕೆಯೋ! ಐವರು ಮತ್ತೆ ಐದೈದು ಜನಕ್ಕೆ ಕಳಿಸಿದರೆ ನಾಲ್ಕನೇ ಸುತ್ತಿಗೆ 625 ಆಗುತ್ತದೆ.

ಯಾರ ಜೀವವೂ ಹೋಗದ, ಹಾಗೆಂದು ಯಾರೂ ಬಿಡಿಸಲಾಗದ ಕೈಚಳಕವೊಂದು ಹತ್ತು ರೂಪಾಯಿ ನಾಣ್ಯದ್ದು. ಹತ್ತು ಗೆರೆಗಳಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ, ರೂಪಾಯಿ ಚಿಹ್ನೆ ಇಲ್ಲದ್ದು ಚಲಾವಣೆಗಿಲ್ಲ ಎಂಬ ಮಾತು ಹಬ್ಬಿತು. ರಿಸರ್ವ್ ಬ್ಯಾಂಕು 2016ರ ನವೆಂಬರಿನಲ್ಲಿ, ಮತ್ತೆ 2018ರ ಜನವರಿಯಲ್ಲಿ ಹೇಳಿಕೆ ಕೊಟ್ಟು, 14 ವಿನ್ಯಾಸಗಳೂ ಅಸಲಿ ಎಂದಿತು. ಬ್ಯಾಂಕಿನ ಕಚೇರಿಯಿರುವ ನೃಪತುಂಗ ರಸ್ತೆಯಿಂದ ರಸೆಲ್ ಮಾರ್ಕೆಟ್ಟಿಗೆ ಕೆಲವೇ ಕಿಲೋಮೀಟರ್ ದೂರ. ಹೇಳಿಕೆ ಆ ದೂರವನ್ನು ಇನ್ನೂ ಪೂರ್ತಿ ಕ್ರಮಿಸಿಲ್ಲ. ಸೊಪ್ಪಿನವರ ಮುಂದೆ ನಾಣ್ಯ ಚಾಚಿದರೆ ಸಿಗುವ ಉತ್ತರ: "ನಂಗೇನ್ ಸಾರ್, ಅಸ್ಲಿ ಅಂತ ಗೊತ್ತು. ಆದ್ರೆ ನನ್ ಕೈಯಿಂದ ಯಾರೂ ಈಸ್ಕೊಳಲ್ಲ." ಗಿರಾಕಿಯೂ ಚಿಲ್ಲರೆ ವಾಪಸು ಪಡೆಯುವಾಗ ಇದನ್ನೇ ಹೇಳುತ್ತಾರೆ. ಇಲ್ಲಿ ಸುಳ್ಳನ್ನು ನಂಬಿದವರು ಒಬ್ಬರೂ ಇಲ್ಲ. ಪಕ್ಕದವರು ನಂಬಿದ್ದಾರೆ ಎಂದು ಎಲ್ಲರೂ ನಂಬಿದ್ದಾರೆ. ಇಷ್ಟು ಕಡಿಮೆ ಖರ್ಚಿನಲ್ಲಿ ಸರ್ಕಾರಿ ನಾಣ್ಯವನ್ನು ಜೇಬಿನಲ್ಲೇ ಕೂರಿಸಿದ ಕೀರ್ತಿ ಬೇರೆ ಯಾರಿಗೂ ಸಂದಿಲ್ಲ. ಸದ್ಯಕ್ಕೆ ಗೆರೆ ಎಣಿಸದೆ ಅದನ್ನು ತೆಗೆದುಕೊಳ್ಳುವುದು ಹಲಸೂರಿನ ಸೋಮೇಶ್ವರನ ಹುಂಡಿ.

ಇತಿ,
ಚಿಲ್ಲರೆಯಿದ್ದೂ ಚಿಲ್ಲರೆಯಿಲ್ಲದ ನಾಗರಿಕರು