ಕಾಳೀಗಮನ ಮೀಮಾಂಸೆ

ಬೆಂಗಳೂರಿನ ಕಚೇರಿವಾಸಿಗಳು ಉತ್ತರ ಕನ್ನಡದ ಗಣೇಶಗುಡಿಗೆ ಹೋಗಿ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡುವ ಮುನ್ನ ಆಚರಿಸುವ ದೀರ್ಘ ವಿಧಿಯೇ ಪ್ರಸ್ತುತ ಪ್ರಬಂಧದ ವಿಷಯ. ನದಿಯ ಉದ್ದ 184 ಕಿಲೋಮೀಟರ್. ವಾಟ್ಸ್‌ಆ್ಯಪ್ ಗುಂಪಿನ ಚರ್ಚೆಯ ಉದ್ದ ಅಳೆಯುವ ಸಾಧನ ಇನ್ನೂ ಸಿದ್ಧವಾಗಿಲ್ಲ.

ಮೊದಲಿಗೆ ಅಧಿಕಾರಿ ನಿರ್ಣಯ. ಪ್ರವಾಸಾರ್ಥಿಗಳು ತ್ರಿವಿಧ. ‘ನಾನಂತೂ ರೆಡಿ’ ಎಂದು ಎಲ್ಲರಿಗಿಂತ ಮೊದಲು ಸಾರಿ, ಎಲ್ಲರಿಗಿಂತ ಮೊದಲು ಕೈಕೊಡುವವನು ಉತ್ಸಾಹಿ. ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗುವವನು ಮೌನಿ. ಆ ಹೆಬ್ಬೆರಳು ಸಮ್ಮತಿಯೋ, ಬರೀ ಓದಿದ್ದೇನೆಂಬ ಸೂಚನೆಯೋ ಎಂಬಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಮೂರನೆಯವನು ಅಡ್ವಾನ್ಸ್ ಕಟ್ಟಿದವನು. ಶಾಸ್ತ್ರ ಇವನೊಬ್ಬನನ್ನೇ ಯಜಮಾನನೆಂದು ಕರೆಯುತ್ತದೆ. ಕೊನೆಗೆ ಹವಿಸ್ಸಾಗುವುದು ಇವನ ದುಡ್ಡೇ ಅಲ್ಲವೆ?

ದ್ರವ್ಯ ಪ್ರಕರಣ ಚಿಕ್ಕದು. ಉಂಬಳಕ್ಕೆ ಉಪ್ಪೋ ಹೊಗೆಸೊಪ್ಪೋ ಎಂಬ ವಾದ ಮಧ್ಯರಾತ್ರಿಯವರೆಗೂ ನಡೆಯುತ್ತದೆ. ರಾಫ್ಟಿಂಗ್ ಶುರುವಾಗುವುದೇ ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಉಂಬಳಗಳೇ ಬಹುಪಾಲು ಕಾಣೆಯಾಗಿರುತ್ತವೆ. ವಾದ ಮಾತ್ರ ಇರುತ್ತದೆ.

ಇನ್ನು ತಿಥಿ ನಿರ್ಣಯ. ಪ್ರಬಂಧದ ಜೀವ ಇರುವುದು ಇಲ್ಲಿ. ಪೂರ್ವಪಕ್ಷಿಯ ಮತ ಹೀಗೆ: ಮಳೆ ಚೆನ್ನಾಗಿ ಹೊಯ್ದರೆ ಹೊಳೆ ತುಂಬುತ್ತದೆ, ಹೊಳೆ ತುಂಬಿದರೆ ರಾಫ್ಟು ಓಡುತ್ತದೆ. ಈ ಮತ ಅಸಾಧು. ಜಡಿಮಳೆಯಲ್ಲಿ ರಾಫ್ಟಿಂಗ್ ಬಂದ್; ಬಿರುಬೇಸಿಗೆಯಲ್ಲಿ, ಸುತ್ತಲಿನ ಹಳ್ಳಗಳೆಲ್ಲ ಬಂಡೆ ತೋರಿಸಿಕೊಂಡು ಬಿದ್ದಿರುವಾಗ, ಇಲ್ಲಿ ನೊರೆ ಏಳುತ್ತದೆ. ಕಾರಣ, ಗಣೇಶಗುಡಿಯ ಮಗ್ಗುಲಲ್ಲೇ ನಿಂತಿರುವ ಸೂಪಾ ಅಣೆಕಟ್ಟು. ಎತ್ತರ 101 ಮೀಟರ್. ಅದರ ಬುಡದ ವಿದ್ಯುದಾಗಾರದಲ್ಲಿ ತಲಾ 50 ಮೆಗಾವಾಟಿನ ಎರಡು ಯಂತ್ರಗಳು. ರಾಜ್ಯಕ್ಕೆ ಕರೆಂಟ್ ಬೇಕೆನಿಸಿದಾಗ ಯಂತ್ರ ತಿರುಗುತ್ತದೆ, ಯಂತ್ರ ತಿರುಗಿಸಿದ ನೀರು ಹೊಳೆಗೆ ಬೀಳುತ್ತದೆ, ಆಗ ರಾಫ್ಟು ಹೊರಡುತ್ತದೆ. ಆದ್ದರಿಂದ ಸಿದ್ಧಾಂತ: ಕಾಳೀವಿಹಾರದ ಮುಹೂರ್ತ ಇಡುವುದು ಪಂಚಾಂಗವಲ್ಲ, ನಾಡಿನ ಫ್ಯಾನು, ಏಸಿ, ಪಂಪ್‌ಸೆಟ್ಟುಗಳು. ಏಸಿಯ ಸಹವಾಸ ಸಾಕೆಂದು ಕಾಡಿಗೆ ಓಡಿಬಂದವನನ್ನು ನೀರಿನಲ್ಲಿ ಮುಂದಕ್ಕೆ ತಳ್ಳುತ್ತಿರುವುದು, ಊರಲ್ಲೇ ಉಳಿದವರ ಏಸಿ.

(ಪ್ರಾಸಂಗಿಕವಾಗಿ: ಆ ಜಲಾಶಯದ ತಳದಲ್ಲಿ ಹಳೇ ಸೂಪಾ ಪಟ್ಟಣವಿದೆ. ಊರು ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ‘ನೋಡಬೇಕಾದ ಸ್ಥಳಗಳು’ ಪಟ್ಟಿಯಲ್ಲಿ ಅದು ಬರುವುದಿಲ್ಲ. ನೋಡಲು ಸಿಗುವುದೂ ಇಲ್ಲ.)

‘ಪ್ರಕೃತಿಯ ಮಡಿಲಲ್ಲಿ’ ಎಂದು ಫೋಟೊ ಕೆಳಗೆ ಬರೆಯುವವರು ‘ವಿದ್ಯುದಾಗಾರದ ಕೆಳದಂಡೆಯಲ್ಲಿ’ ಎಂದು ತಿದ್ದಿಕೊಳ್ಳಬೇಕೆಂದು ಪ್ರಬಂಧಕಾರನ ಅಭಿಮತ. ಲೈಕು ಕಡಿಮೆಯಾದರೆ ಅದು ಸತ್ಯದ ದೋಷ, ನಮ್ಮದಲ್ಲ.

ಓದುಗರಲ್ಲಿ ವಿನಂತಿ: ಹೊರಡುವ ಹಿಂದಿನ ದಿನ ಕ್ಯಾಂಪಿಗೆ ಫೋನ್ ಮಾಡಿ, ‘ನಾಳೆ ನೀರು ಬಿಡ್ತಾರೇನ್ರಿ?’ ಎಂದು ಕೇಳಿಕೊಳ್ಳಿ. ಇಲ್ಲ ಎಂದರೆ ದಾಂಡೇಲಿಯ ಮಂಗಟ್ಟೆ ಹಕ್ಕಿಗಳನ್ನು ನೋಡಿಕೊಂಡು ಬನ್ನಿ. ಅವು ಕರೆಂಟಿಗೆ ಕಾಯುವುದಿಲ್ಲ.