ಹಾರ್ಡ್ ಡಿಸ್ಕಿಗೆ ಅರಿಶಿನ ಕುಂಕುಮ

ಚಿಕ್ಕಂದಿನಲ್ಲಿ ನವರಾತ್ರಿಯ ಸರಸ್ವತಿ ಪೂಜೆ ಎಂದರೆ ನನಗೆ ಬಲು ಇಷ್ಟ. ಭಕ್ತಿ ಉಕ್ಕಿ ಏನಲ್ಲ. ಪುಸ್ತಕಗಳನ್ನೆಲ್ಲ ದೇವರ ಮುಂದೆ ಪೇರಿಸಿ ಮೇಲೊಂದು ಸೇವಂತಿಗೆ ಇಟ್ಟುಬಿಟ್ಟರೆ ವಿಜಯದಶಮಿಯವರೆಗೆ ಅವನ್ನು ಮುಟ್ಟುವಂತಿಲ್ಲ. ಗಣಿತದ ಪುಸ್ತಕವನ್ನು ನಾನು ಮುದ್ದಾಂ ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದೆ, ಯಾರೂ ಎಳೆದು ತೆಗೆಯದಿರಲಿ ಎಂದು. ಓದದೆಯೂ ವಿದ್ಯೆಗೆ ಗೌರವ ಸಲ್ಲಿಸುವ ಇಂಥ ಸೊಗಸಾದ ಏರ್ಪಾಡು ವರ್ಷದಲ್ಲಿ ಎರಡು ಮೂರೇ ದಿನ ಇರುವುದು ಅನ್ಯಾಯ ಅನ್ನಿಸುತ್ತಿತ್ತು.

ಆ ಅನ್ಯಾಯವನ್ನು ಈಗ ಮೊಬೈಲ್ ಸರಿಪಡಿಸಿದೆ.

ಕಳೆದ ಆಯುಧಪೂಜೆಗೆ ಆಫೀಸಿನ ಹಿರಿಯ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಸ್ಕೂಟರ್ ಕೀ, ಮಿಕ್ಸಿ, ಕುಕ್ಕರು, ಈಳಿಗೆಮಣೆಗಳ ಸಾಲಿನಲ್ಲಿ ಒಂದು ಕರಿ ಡಬ್ಬಿ ಕೂತಿತ್ತು. ಮೈಮೇಲೆ ಅರಿಶಿನ ಕುಂಕುಮ, ಯುಎಸ್‌ಬಿ ತೂತಿಗೆ ತಾಗದಂತೆ ಒಂದು ಮೊಳ ಮಲ್ಲಿಗೆ. 4 ಟಿಬಿ ಹಾರ್ಡ್ ಡಿಸ್ಕ್.

"ಇದರಲ್ಲಿ ಏನಿದೆ ಸಾರ್?"

"ಏನಿಲ್ಲ ಕೇಳಿ" ಅಂದರು. ಡೇಟಾ ಸೈನ್ಸ್, ಎಕ್ಸೆಲ್, ಷೇರು ವ್ಯವಹಾರ, ಜರ್ಮನ್ ಭಾಷೆ, ಗಿಟಾರು, ಮಗಳ ನೀಟ್ ಪಾಠ, ಮಗಳು ನೀಟ್ ಬೇಡವೆಂದರೆ ಇರಲಿ ಎಂದು ಕೆಎಎಸ್ ಪಾಠ. ಯಾವುದೋ ಟೆಲಿಗ್ರಾಂ ಗುಂಪಿನಿಂದ ರಾತ್ರಿಯೆಲ್ಲ ಇಳಿಸಿದ್ದಂತೆ. ವಿಜಯನಗರದಲ್ಲೋ ಧಾರವಾಡದಲ್ಲೋ ರೂಮು ಮಾಡಿ, ಮೆಸ್ಸಿನ ಸಾರು ಕುಡಿದು, ಸಾವಿರಗಟ್ಟಲೆ ಫೀಸು ಕಟ್ಟಿ ಹುಡುಗರು ಕೇಳುವ ಪಾಠ ಇವರ ಗಾಡ್ರೇಜ್ ಬೀರುವಿನಲ್ಲಿ, ಒಡವೆಯ ಪಕ್ಕ, ಕಳ್ಳಮಾಲಾಗಿ ಭದ್ರ.

"ಎಷ್ಟು ನೋಡಿದ್ರಿ?"

"ಮೊದಲು ಕಲೆಕ್ಷನ್ ಒಂದು ಕಂಪ್ಲೀಟ್ ಆಗಿಬಿಡಲಿ."

ಮನೆಗೆ ಬರುತ್ತಾ ಲೆಕ್ಕ ಹಾಕಿದೆ. ಗಂಟೆಗೆ ಅರ್ಧ ಜಿಬಿ ಎಂದು ಹಿಡಿದರೆ 4 ಟಿಬಿಗೆ 8,000 ಗಂಟೆ. ದಿನಕ್ಕೆ ಎರಡು ಗಂಟೆಯಂತೆ, ಹಬ್ಬ, ಜ್ವರ, ಮದುವೆ ಮುಂಜಿ ಏನೂ ನೋಡದೆ ಕೂತರೆ ಹತ್ತಿರ ಹತ್ತಿರ 11 ವರ್ಷ. ಅವರ ನಿವೃತ್ತಿಗೆ ಉಳಿದಿರುವುದು ಆರು.

ಹಾಗೆಂದು ನಗುವ ಯೋಗ್ಯತೆ ನನಗೂ ಇಲ್ಲ. ನನ್ನ ಫೋನಿನಲ್ಲಿ ನಾಲ್ಕು ಪೈಥಾನ್ ಕೋರ್ಸುಗಳಿವೆ. ನಾಲ್ಕರದ್ದೂ ಮೊದಲ ಮೂರು ಪಾಠ ನೋಡಿದ್ದೇನೆ. ಮೊದಲ ಪಾಠದಲ್ಲಿ ಮೇಷ್ಟ್ರು ತಮ್ಮ ಪರಿಚಯ ಹೇಳುತ್ತಾರೆ, ಎರಡರಲ್ಲಿ ಪೈಥಾನ್ ಕಲಿತರೆ ಸಿಗುವ ಸಂಬಳ ಹೇಳುತ್ತಾರೆ, ಮೂರರಲ್ಲಿ ಅದನ್ನು ಇನ್‌ಸ್ಟಾಲ್ ಮಾಡಿಸುತ್ತಾರೆ. ಹೀಗಾಗಿ ಪೈಥಾನ್ ಇನ್‌ಸ್ಟಾಲ್ ಮಾಡುವುದರಲ್ಲಿ ನಮ್ಮ ಬಡಾವಣೆಯಲ್ಲೇ ನನ್ನನ್ನು ಮೀರಿಸುವವರಿಲ್ಲ. ಆಮೇಲೆ ಅದನ್ನು ಏನು ಮಾಡಬೇಕು ಎಂದು ಮಾತ್ರ ಕೇಳಬೇಡಿ.

ಕೊಂಡದ್ದಾದರೂ ಹೇಗೆ? ಮೂಲ ಬೆಲೆ 3,499 ರೂಪಾಯಿ ಎಂದು ಬರೆದು, ಅದರ ಮೇಲೆ ಗೀಟೆಳೆದು, ಪಕ್ಕದಲ್ಲಿ 449 ಎಂದು ಹಾಕಿದ್ದರು. ಕೆಳಗೆ ಒಂದು ಗಡಿಯಾರ ಓಡುತ್ತಿತ್ತು: ಇನ್ನು ಐದು ಗಂಟೆ ಮಾತ್ರ. ಎದೆ ಹೊಡೆದುಕೊಂಡಿತು. ಕೊಂಡೆ. ಮರುದಿನ ನೋಡಿದರೆ ಅದೇ ಗಡಿಯಾರ ಮತ್ತೆ ಐದು ಗಂಟೆಯಿಂದ ಓಡುತ್ತಿದೆ. ಚಿಕ್ಕಪೇಟೆಯ ಸೀರೆ ಅಂಗಡಿಗೂ ಆಷಾಢ ಮುಗಿಯುತ್ತದೆ, ಈ ಅಂಗಡಿಗೆ ಹನ್ನೆರಡು ತಿಂಗಳೂ ಆಷಾಢ. ರಸೀದಿಯಲ್ಲಿ 'ಜೀವನಪರ್ಯಂತ' ಎಂದು ಬರೆದಿತ್ತು. ಯಾರ ಜೀವನ ಎಂದು ಬರೆದಿರಲಿಲ್ಲ.

ಕೊಂಡ ಮೇಲೆ ಇಳಿಸಬೇಕಲ್ಲ. ನಿಜವಾದ ಸುಖ ಇರುವುದೇ ಅಲ್ಲಿ. ಡೌನ್‌ಲೋಡ್ ಒತ್ತಿದರೆ ಒಂದು ನೀಲಿ ಗೆರೆ ನಿಧಾನಕ್ಕೆ ತೆವಳುತ್ತದೆ. 20, 45, 78. ನೀವು ಸೋಫಾದ ಮೇಲೆ ಕಾಲು ಚಾಚಿ ಕಾಫಿ ಕುಡಿಯುತ್ತಿರಬಹುದು, ವಿದ್ಯೆ ತಾನಾಗಿ ಒಳಗೆ ಬರುತ್ತಿರುತ್ತದೆ. ನೂರಾಯಿತೋ, ಹಸಿರು ಟಿಕ್ಕು. ಎಸ್ಸೆಸ್ಸೆಲ್ಸಿಯಿಂದ ಇಲ್ಲಿಯವರೆಗೆ ನಾನು ನೂರಕ್ಕೆ ನೂರು ತೆಗೆದದ್ದು ಇದೊಂದರಲ್ಲೇ. ಪಾಠ ನೋಡಿ ಮುಗಿಸಿದರೂ ಒಂದು ಟಿಕ್ಕು ಬರುತ್ತದಂತೆ, ಅದರ ಬಣ್ಣ ನಾನು ಕಂಡಿಲ್ಲ.

ಇದು ಹೊಸ ಕಾಯಿಲೆ ಎಂದುಕೊಳ್ಳಬೇಡಿ. ಕಾಲೇಜಿನ ಗೇಟಿನೆದುರು ಜೆರಾಕ್ಸ್ ಅಂಗಡಿಯಲ್ಲಿ ಪರೀಕ್ಷೆಯ ಹಿಂದಿನ ದಿನ ಸಾಲು ನಿಂತವರಿಗೆಲ್ಲ ಇದು ಗೊತ್ತು. ಕ್ಲಾಸಿನ ಯಾವುದೋ ಹುಡುಗಿಯ ಮುತ್ತಿನಂಥ ಅಕ್ಷರದ ನೋಟ್ಸು, ಬಿಸಿಬಿಸಿ ಕಾಗದ, ಸ್ಪೈರಲ್ ಬೈಂಡಿಂಗ್. ಕೈಗೆ ಬಂದ ಕೂಡಲೇ ಅರ್ಧ ಓದಿ ಮುಗಿಸಿದಂಥ ನೆಮ್ಮದಿ. ಉಳಿದರ್ಧವನ್ನು ಪರೀಕ್ಷಾ ಹಾಲಿನಲ್ಲಿ ಮೇಲ್ವಿಚಾರಕರ ಮುಖ ನೋಡುತ್ತಾ ಮುಗಿಸುತ್ತಿದ್ದೆವು.

ಸರ್ಕಾರವನ್ನು ಬೈಯುವ ಹಾಗೂ ಇಲ್ಲ. ಐಐಟಿಗಳೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಶುರು ಮಾಡಿದ್ದು 2003ರಲ್ಲಿ. ಥರ್ಮೋಡೈನಮಿಕ್ಸ್ ಬೇಕೆ, ಕಾಂಕ್ರೀಟು ಬೇಕೆ, ಪುಕ್ಕಟೆ ಕೇಳಿ ಎಂದರು. ನೆಟ್ ತೆವಳುತ್ತಿದ್ದ ಆ ಕಾಲದಲ್ಲಿ ಕಾಲೇಜುಗಳು ಹಾರ್ಡ್ ಡಿಸ್ಕಿಗೇ ಪಾಠ ತುಂಬಿಸಿಕೊಂಡು ತರಿಸುತ್ತಿದ್ದವು. ಲೈಬ್ರರಿಯಲ್ಲಿ ಅದಕ್ಕೊಂದು ಗಾಜಿನ ಕಪಾಟು, ಕಪಾಟಿಗೊಂದು ಬೀಗ, ಬೀಗದ ಕೈ ಸದಾ ರಜೆಯಲ್ಲಿರುವ ಒಬ್ಬರ ಹತ್ತಿರ. 2017ರ ಜುಲೈ 9ರಂದು 'ಸ್ವಯಂ' ಬಂತು, ಜತೆಗೆ ನೆಟ್ ಇಲ್ಲದವರಿಗೆಂದು 'ಸ್ವಯಂ ಪ್ರಭಾ' ಹೆಸರಿನಲ್ಲಿ ಡಿಟಿಎಚ್ ಮೇಲೆ 32 ಚಾನೆಲ್ಲು. ದಿನಕ್ಕೆ ನಾಲ್ಕು ಗಂಟೆ ಹೊಸ ಪಾಠ, ಅದನ್ನೇ ಮತ್ತೆ ಐದು ಸಲ ಮರುಪ್ರಸಾರ ಎಂಬುದು ಯೋಜನೆ. ಮೊದಲೆಲ್ಲ ಒಂದು ಪಾಠವನ್ನು ಒಂದೇ ಸಲ ತಪ್ಪಿಸಿಕೊಳ್ಳಲು ಸಾಧ್ಯವಿತ್ತು, ಈಗ ಆರು ಸಲ.

ಅಮೆರಿಕದವರಾದರೂ ನಮಗಿಂತ ಶಿಸ್ತಿನವರು ಎಂದುಕೊಂಡಿದ್ದೆ. ಎಂಐಟಿ ಮತ್ತು ಹಾರ್ವರ್ಡ್ 2012ರಲ್ಲಿ ಕೂಡಿ ಕಟ್ಟಿದ ಎಡೆಕ್ಸ್‌ನ ಕೋರ್ಸುಗಳ ಲೆಕ್ಕ ತೆಗೆದು ಸಂಶೋಧಕರಿಬ್ಬರು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 2017–18ರ ಸಾಲಿನಲ್ಲಿ ಸೇರಿದವರ ಪೈಕಿ ಕೋರ್ಸು ಮುಗಿಸಿದವರು ನೂರಕ್ಕೆ 3.13. ಅದನ್ನು ಓದಿದ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಹಾರ್ವರ್ಡಿನ ಮಟ್ಟಕ್ಕೆ ನಾನು ಎಂದೋ ಮುಟ್ಟಿದ್ದೆ, ಗೊತ್ತಿರಲಿಲ್ಲ ಅಷ್ಟೆ.

ಇರಲಿ, ನನಗೂ ಒಮ್ಮೆ ಛಲ ಬಂತು. ಸುಬ್ರಹ್ಮಣ್ಯದ ಕಡೆ ಚಿಕ್ಕಮ್ಮನ ಮನೆಗೆ ಹಗಲು ರೈಲಿನಲ್ಲಿ ಹೊರಟಿದ್ದೆ. ಸಕಲೇಶಪುರ ದಾಟಿದರೆ ಸುಬ್ರಹ್ಮಣ್ಯ ರೋಡ್‌ವರೆಗೆ ಐವತ್ತೈದು ಕಿಲೋಮೀಟರು ಘಾಟಿ, 57 ಸುರಂಗ. ರೈಲು ಅಲ್ಲಿ ಬಸುರಿಯ ಹಾಗೆ ಹೆಜ್ಜೆ ನೋಡಿ ನೋಡಿ ಇಳಿಯುತ್ತದೆ. ಸಿಗ್ನಲ್ ಇಲ್ಲ, ವಾಟ್ಸಾಪ್ ಇಲ್ಲ, ಮ್ಯಾನೇಜರ್ ಇಲ್ಲ. ಪಾಠ ಕೇಳಲು ಇದಕ್ಕಿಂತ ಏಕಾಂತ ಋಷಿಗಳಿಗೂ ಸಿಕ್ಕಿರಲಾರದು. ನಾಲ್ಕನೆಯ ಪಾಠದಿಂದ ಹದಿನೇಳನೆಯದರವರೆಗೆ ಒಟ್ಟು ಹದಿನಾಲ್ಕು ವಿಡಿಯೋಗಳನ್ನು ಬಹಳ ಹಿಂದೆಯೇ ಇಳಿಸಿ ಇಟ್ಟುಕೊಂಡಿದ್ದೆ.

ದೋಣಿಗಾಲ್ ದಾಟಿತು. ಇಯರ್‌ಫೋನ್ ಸಿಕ್ಕಿಸಿಕೊಂಡು ಒತ್ತಿದೆ. ಪರದೆ ಕಪ್ಪಾಗಿ ಒಂದು ಸಾಲು ಮೂಡಿತು: ಈ ವಿಡಿಯೋದ ಅವಧಿ ಮುಗಿದಿದೆ, ನವೀಕರಿಸಲು ಇಂಟರ್ನೆಟ್‌ಗೆ ಸಂಪರ್ಕಿಸಿ.

ಇಂಟರ್ನೆಟ್ ಇಲ್ಲದಾಗ ನೋಡಲೆಂದು ಇಳಿಸಿದ್ದನ್ನು ನೋಡಲು ಇಂಟರ್ನೆಟ್ ಬೇಕು! ಇದರ ಮರ್ಮವನ್ನು ಎದುರು ಸೀಟಿನ ಇಂಜಿನಿಯರಿಂಗ್ ಹುಡುಗ ಬಿಡಿಸಿ ಹೇಳಿದ. ಇಳಿದದ್ದು ವಿಡಿಯೋ ಹೌದು, ಆದರೆ ಬೀಗ ಹಾಕಿದ ವಿಡಿಯೋ. ಕೀಲಿ ಬೇರೆ ಬರುತ್ತದೆ, ಅದಕ್ಕೆ ಮೂವತ್ತು ದಿನ ಆಯಸ್ಸು. ಆಯಸ್ಸು ತೀರಿದ ಮೇಲೂ ನಾಲ್ಕು ಜಿಬಿ ನಿಮ್ಮ ಫೋನಿನಲ್ಲಿ ಹಾಗೇ ಬಿದ್ದಿರುತ್ತದೆ, ತೆರೆಯುವುದಿಲ್ಲ. "ಮೊದಲಿಗಿಂತ ಎಷ್ಟೋ ವಾಸಿ ಅಂಕಲ್" ಎಂದ. 2014ರ ಕೊನೆಗೆ ಯೂಟ್ಯೂಬು ಭಾರತದಲ್ಲಿ ಆಫ್‌ಲೈನ್ ಸೌಲಭ್ಯ ಕೊಟ್ಟಾಗ ಗಡುವು ಬರೀ 48 ಗಂಟೆಯಂತೆ, ಹುರುಳಿ ಸಾರಿನ ಬಾಳಿಕೆಗಿಂತ ಕಡಿಮೆ. ಬೆಂಗಳೂರಿನ ಬಾಡಿಗೆ ಕರಾರೇ ಹನ್ನೊಂದು ತಿಂಗಳು ನಡೆಯುತ್ತದೆ. ನಾನು ಕೊಂಡೆ ಎಂದುಕೊಂಡಿದ್ದ ವಿದ್ಯೆಗೆ ಮೂವತ್ತು ದಿನಕ್ಕೊಮ್ಮೆ ಓನರ್ ಬಂದು ಬಾಗಿಲು ತಟ್ಟುತ್ತಾನೆ.

ಉಪಾಯ ಹೊಳೆಯಿತು. ಫೋನಿನ ತಾರೀಕನ್ನು ಒಂದು ತಿಂಗಳು ಹಿಂದಕ್ಕೆ ತಿರುಗಿಸಿದೆ. ನಿಮ್ಮ ಸಾಧನದ ದಿನಾಂಕ ಸರಿಯಿಲ್ಲ ಎಂದಿತು. ನಾನು ಪೈಥಾನ್ ಕಲಿತಿಲ್ಲವೆಂದು ಅದಕ್ಕೆ ಮೊದಲೇ ಗೊತ್ತಿದ್ದಿರಬೇಕು. ಅಷ್ಟರಲ್ಲಿ ಸುರಂಗ ಬಂತು, ಡಬ್ಬಿಯ ಮಕ್ಕಳೆಲ್ಲ ಒಟ್ಟಿಗೆ 'ಹೋ' ಎಂದು ಕೂಗಿಕೊಂಡರು. ಮುಂದಿನ ಸುರಂಗಕ್ಕೆ ನಾನೂ ಕೂಗಿದೆ. ಎಡಕುಮೇರಿ ಬರುವಷ್ಟರಲ್ಲಿ ಗಂಟಲು ಕಟ್ಟಿತ್ತು.

ಚಿಕ್ಕಮ್ಮನ ಊರಿನಲ್ಲಿ ರೇಂಜ್ ಸಿಗುವುದು ಮನೆ ಮೇಲಿನ ಗುಡ್ಡೆಯಲ್ಲಿ, ಗೇರುಮರದ ಬುಡದ ಒಂದು ಕಲ್ಲಿನ ಮೇಲೆ ಮಾತ್ರ. ಕೊರೊನಾ ಕಾಲದಲ್ಲಿ ಆ ಸೀಮೆಯ ಮಕ್ಕಳು ಗುಡ್ಡೆಗಳಲ್ಲಿ ಟಾರ್ಪಾಲು ಕಟ್ಟಿ ಕ್ಲಾಸು ಕೇಳಿದ್ದರು. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ನೀವೂ ನೋಡಿರುತ್ತೀರಿ. ಡಿಜಿಟಲ್ ಇಂಡಿಯಾ ಎಂದು ನಾವು ಅದನ್ನು ಬೆಂಗಳೂರಿನ ವೈಫೈಯಲ್ಲಿ ಕೂತು ಫಾರ್ವರ್ಡ್ ಮಾಡಿದ್ದೆವು.

ನಾನು ಹೋದಾಗ ಚಿಕ್ಕಮ್ಮ ಚಾವಡಿಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು. ಗೋಡೆಯ ಮೊಳೆಗೆ ಪೇಪರು ಕತ್ತರಿಸಿ ಮಾಡಿದ ಬ್ಲೌಸಿನ ಅಳತೆಗಳನ್ನು ತೂಗುಹಾಕಿದ್ದರು, ತೋಳು ಬೇರೆ, ಬೆನ್ನು ಬೇರೆ, ಅಂಚಿನಲ್ಲಿ ಪೆನ್ಸಿಲ್ಲಿನ ಅಂಕಿಗಳು.

"ಪ್ರಿನ್ಸೆಸ್ ಕಟ್ ಕಲ್ತೆ ಮಾರಾಯ" ಅಂದರು. "ಗುಡ್ಡೆಗೆ ಹೋಗಿ ಒಂದು ವಿಡಿಯೋ ಇಳಿಸಿಕೊಂಡು ಬಂದದ್ದು. ಅರ್ಧ ಗಂಟೆದು. ನಿಲ್ಸಿ ನಿಲ್ಸಿ ನೋಡ್ಲಿಕ್ಕೆ ಎರಡು ದಿನ ಹಿಡೀತು."

ನನಗೆ ಹುರುಪು ಬಂತು. ಕೊನೆಗೂ ನನ್ನ ಕುಲದವರೊಬ್ಬರು ಸಿಕ್ಕರು. "ಎಲ್ಲಿ ತೋರಿಸಿ, ಯಾವ ಕ್ವಾಲಿಟಿಯಲ್ಲಿ ಇಳಿಸಿದ್ದೀರಿ ನೋಡುವ."

"ಅದೆಲ್ಲಿ ಉಂಟು ಈಗ? ಡಿಲೀಟ್ ಮಾಡಿದೆ."

"ಡಿಲೀಟ್!"

"ಕಲ್ತಾಯ್ತಲ್ಲ. ಇನ್ನು ಎಂತಕ್ಕೆ ಅದು ಮೊಬೈಲಲ್ಲಿ ಕೂತ್ಕೊಳ್ಳುದು?"

ಇಂಥ ನಿರ್ದಯ ಮಾತನ್ನು ನಾನು ಹತ್ತು ವರ್ಷದಲ್ಲಿ ಕೇಳಿರಲಿಲ್ಲ. ಇಳಿಸಿದ್ದನ್ನು ಅಳಿಸುವುದೇ? ನಾಳೆ ಮರೆತರೆ? ನಾಳೆ ಆ ವಿಡಿಯೋ ತೆಗೆದುಹಾಕಿದರೆ? ಬ್ಯಾಕಪ್? ಚಿಕ್ಕಮ್ಮ ಮೊಳೆಯ ಕಡೆ ಕತ್ತರಿ ತೋರಿಸಿ ಮತ್ತೆ ಮಿಷನ್ ತುಳಿಯತೊಡಗಿದರು.

ಮಾರನೆಯ ದಿನ ಹೊಸ ಬ್ಲೌಸು ತೊಟ್ಟು ಅಂಗಳಕ್ಕೆ ಬಂದು, "ನಿನ್ನ ಮೊಬೈಲು ದೊಡ್ಡದಲ್ವಾ, ಒಂದು ಫೋಟೋ ತೆಗಿ" ಅಂದರು. ತೆಗೆದೆ. ಜಾಗವಿಲ್ಲ ಎಂದಿತು ಫೋನು. ಯಾವುದನ್ನಾದರೂ ಅಳಿಸಲೇಬೇಕಿತ್ತು. ಪೈಥಾನ್ ಪಾಠಗಳ ಮೇಲೆ ಬೆರಳಿಟ್ಟೆ, ಕೈ ಬರಲಿಲ್ಲ. ಕೊನೆಗೆ ತಮ್ಮನ ಮದುವೆಯ ಧಾರೆಯ ವಿಡಿಯೋ ತೆಗೆದುಹಾಕಿದೆ. ಹೇಗೂ ಅದು ತಮ್ಮನ ಹತ್ತಿರ ಇರುತ್ತದೆ.

ಸಂಜೆ ಗುಡ್ಡೆ ಹತ್ತಿದೆ. ಗೇರುಮರದ ಬುಡದ ಕಲ್ಲಿನ ಮೇಲೆ ನಿಂತು ಫೋನನ್ನು ಸೂರ್ಯನಮಸ್ಕಾರದಂತೆ ಎತ್ತಿ ಹಿಡಿದಾಗ ಎರಡು ಕಡ್ಡಿ ಸಿಗ್ನಲ್ ಬಂತು. ನವೀಕರಿಸು ಎಂದು ಒತ್ತಿದೆ. ಹಸಿರು ಟಿಕ್ಕುಗಳು ಒಂದರ ಹಿಂದೆ ಒಂದು ಮೂಡತೊಡಗಿದವು. ಕೆಳಗಿನಿಂದ ಚಿಕ್ಕಮ್ಮ ಕಾಫಿಗೆ ಕೂಗಿದರು. ಬಂದೆ ಬಂದೆ ಎಂದೆ. ಹದಿನಾಲ್ಕರಲ್ಲಿ ಇನ್ನೂ ಎರಡು ಬಾಕಿ ಇದ್ದವು.